ಕರೆಂಟ್ ಹೋದಾಗ ಅಕ್ವೇರಿಯಂ ಮೀನುಗಳನ್ನು ಉಳಿಸಿಕೊಳ್ಳುವ ಬಗೆ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಮನೆಯೊಳಗೆ ಮೀನು ಸಾಕಿದವರು ಕರೆಂಟ್ ಹೋಗುವುದನ್ನು ಅಪರೂಪದ ಸಂಗತಿ ಎಂದು ಎಣಿಸುವಂತಿಲ್ಲ. ಅಶ್ವಿನಿ, ಭರಣಿ ಮಳೆಗಳು ಗುಡುಗು ಗಾಳಿಯೊಂದಿಗೆ ಬರುವ ಏಪ್ರಿಲ್, ಮೇ ತಿಂಗಳುಗಳಲ್ಲಿ ತೆಂಗಿನ ಗರಿಯೋ ನೀಲಗಿರಿಯ ಕೊಂಬೆಯೋ ತಂತಿಯ ಮೇಲೆ ಬಿದ್ದು, ಸಂಜೆ ಹೋದ ಕರೆಂಟ್ ಮರುದಿನ ಬೆಳಗಿನವರೆಗೂ ಬಾರದಿರುವುದುಂಟು. ನಿರ್ವಹಣೆಯ ಕೆಲಸಕ್ಕೆಂದು ಹಗಲೆಲ್ಲ ಪೂರೈಕೆ ನಿಲ್ಲಿಸುವ ದಿನಗಳೂ ಇರುತ್ತವೆ. ಅಂತಹ ಹೊತ್ತಿನಲ್ಲಿ ತೊಟ್ಟಿಯ ದೀಪ, ಹೀಟರ್, ಫಿಲ್ಟರ್, ಏರ್ ಪಂಪ್ ಎಲ್ಲವೂ ಒಟ್ಟಿಗೆ ನಿಲ್ಲುವುದರಿಂದ, ಯಾವುದನ್ನು ಮೊದಲು ನೋಡಬೇಕೆಂದು ತೋಚದೆ ಹಲವರು ಬೇಡದ ಕೆಲಸಕ್ಕೆ ಕೈಹಾಕುತ್ತಾರೆ. ನಾನು ಇಲ್ಲಿ ಒತ್ತಿ ಹೇಳಬೇಕೆಂದಿರುವುದು ಒಂದು ಕ್ರಮವನ್ನು. ಮೊದಲು ಮೀನಿನ ಉಸಿರು, ಆಮೇಲೆ ನೀರನ್ನು ಶುಚಿಯಾಗಿಡುವ ಫಿಲ್ಟರಿನೊಳಗಿನ ಬ್ಯಾಕ್ಟೀರಿಯಾ, ಕೊನೆಗೆ ನೀರಿನ ಶಾಖ. ದೀಪಕ್ಕೂ ಆಹಾರಕ್ಕೂ ಆ ಹೊತ್ತಿನಲ್ಲಿ ಗಮನ ಕೊಡಬೇಕಾಗಿಯೇ ಇಲ್ಲ.

ಮೀನಿಗೆ ಉಸಿರು ಎಲ್ಲಿಂದ ಬರುತ್ತದೆ

ಏರ್ ಪಂಪಿನ ಗುಳ್ಳೆಗಳೇ ನೀರಿಗೆ ಆಮ್ಲಜನಕ ತುಂಬುತ್ತವೆ ಎಂಬುದು ಬಹುಮಂದಿಯ ನಂಬಿಕೆ. ಗುಳ್ಳೆ ಮೇಲೇರುವಾಗ ಸ್ವಲ್ಪ ಆಮ್ಲಜನಕ ಕರಗುವುದು ನಿಜವಾದರೂ ಅದರಿಂದ ಆಗುವ ದೊಡ್ಡ ಉಪಕಾರ ಬೇರೆಯದು. ಗುಳ್ಳೆಗಳ ಸಾಲು ತಳದ ನೀರನ್ನು ಮೇಲಕ್ಕೆ ಎಳೆದು ತಂದು ಮೇಲ್ಮೈಯನ್ನು ಕಲಕುತ್ತದೆ. ಹಾಗೆ ಕಲಕಿದ ಮೇಲ್ಮೈಯಲ್ಲಿ ಗಾಳಿಯ ಆಮ್ಲಜನಕ ನೀರಿಗೆ ಸೇರುತ್ತದೆ, ಮೀನು ಹೊರಬಿಟ್ಟ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ನೀರು ಅಲ್ಲಾಡದೆ ನಿಂತರೂ ಈ ವಿನಿಮಯ ಪೂರ್ತಿ ನಿಲ್ಲುವುದಿಲ್ಲ, ಆದರೆ ತುಂಬ ನಿಧಾನವಾಗುತ್ತದೆ, ಮತ್ತು ಮೇಲಿನ ಪದರದಲ್ಲಿ ಸೇರಿದ ಆಮ್ಲಜನಕ ತಳದವರೆಗೆ ಬೇಗ ಇಳಿಯುವುದಿಲ್ಲ. ಆದ್ದರಿಂದ ತೊಟ್ಟಿಯಲ್ಲಿ ಎಷ್ಟು ಲೀಟರ್ ನೀರಿದೆ ಎಂಬುದಕ್ಕಿಂತಲೂ ಆ ನೀರಿನ ಎಷ್ಟು ಅಗಲ ಗಾಳಿಗೆ ತೆರೆದಿದೆ ಎಂಬುದನ್ನು ಮೊದಲು ನೋಡಬೇಕು.

ನಮ್ಮ ಊರುಗಳಿಗೆ ಇನ್ನೊಂದು ತೊಡಕಿದೆ. ಈ ಮೂರೂ ಜಿಲ್ಲಾ ಕೇಂದ್ರಗಳು ಸಮುದ್ರಮಟ್ಟದಿಂದ 800 ಮೀಟರ್‌ಗಿಂತ ಎತ್ತರದಲ್ಲಿವೆ; ಚಿಕ್ಕಬಳ್ಳಾಪುರವಂತೂ 900 ಮೀಟರ್ ದಾಟುತ್ತದೆ. ಈ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಿರುವುದರಿಂದ ನೀರಿನಲ್ಲಿ ಕರಗುವ ಆಮ್ಲಜನಕವೂ ಕರಾವಳಿಗಿಂತ ಸುಮಾರು ನೂರಕ್ಕೆ 10ರಷ್ಟು ಕಡಿಮೆ. ಸಮುದ್ರಮಟ್ಟದಲ್ಲಿ 25 ಡಿಗ್ರಿ ಸೆಲ್ಸಿಯಸ್ ನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. ನಮ್ಮಲ್ಲಿ ಅದೇ ನೀರಿಗೆ ಹಿಡಿಯುವುದು ಸುಮಾರು 7.5 ಮಿಲಿಗ್ರಾಂ. ನೀರು 30 ಡಿಗ್ರಿಗೆ ಕಾಯ್ದರೆ ಅದು 6.8ರ ಆಸುಪಾಸಿಗೆ ಇಳಿಯುತ್ತದೆ. ಸಾಮಾನ್ಯವಾಗಿ 5 ಮಿಲಿಗ್ರಾಂಗಿಂತ ಮೇಲಿದ್ದರೆ ಮೀನುಗಳು ನೆಮ್ಮದಿಯಿಂದಿರುತ್ತವೆ ಎಂದು ಲೆಕ್ಕ ಹಾಕಿದರೆ, ಬೇಸಿಗೆಯ ಸಂಜೆ ಕರೆಂಟ್ ಹೋದಾಗ ಕೈಯಲ್ಲಿರುವ ಉಳಿತಾಯ ಎಷ್ಟು ಸಣ್ಣದೆಂಬುದು ಗೊತ್ತಾಗುತ್ತದೆ. ಇದರ ಜೊತೆಗೆ, ನೀರು 10 ಡಿಗ್ರಿ ಬಿಸಿಯಾದರೆ ಮೀನಿನ ದೇಹಕ್ಕೆ ಬೇಕಾಗುವ ಆಮ್ಲಜನಕ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಸಿಗುವುದು ಕಡಿಮೆಯಾಗುವ ಹೊತ್ತಿಗೇ ಬೇಡಿಕೆ ಹೆಚ್ಚುವುದರಿಂದ ಮೇ ತಿಂಗಳ ಮೂರು ಗಂಟೆಯ ಕಡಿತವು ಡಿಸೆಂಬರಿನ ಇಡೀ ರಾತ್ರಿಯ ಕಡಿತಕ್ಕಿಂತ ಅಪಾಯಕಾರಿಯಾಗಬಹುದು.

ಮೀನಿನ ಸಂಖ್ಯೆಯ ಬಗ್ಗೆ ಹಳೆಯ ಮೀನು ಸಾಕಣೆದಾರರ ಅಂದಾಜು ಇಂದಿಗೂ ಉಪಯುಕ್ತ. ಗಪ್ಪಿ, ಮೋಲಿ, ಟೆಟ್ರಾದಂತಹ ಉಷ್ಣವಲಯದ ಸಣ್ಣ ಮೀನುಗಳಾದರೆ ಪ್ರತಿ ಒಂದು ಇಂಚು ಉದ್ದದ ಮೀನಿಗೆ 12 ಚದರ ಇಂಚು ಮೇಲ್ಮೈ, ಗೋಲ್ಡ್ ಫಿಶ್ ಆದರೆ ಅದರ ಇಮ್ಮಡಿಗಿಂತ ಕಡಿಮೆಯಿಲ್ಲ. ಎರಡು ಅಡಿ ಉದ್ದ, ಒಂದು ಅಡಿ ಅಗಲದ ತೊಟ್ಟಿಯ ಮೇಲ್ಮೈ 288 ಚದರ ಇಂಚು. ಆ ಲೆಕ್ಕದಲ್ಲಿ ಅಲ್ಲಿ ಒಂದಿಂಚಿನ 24 ಸಣ್ಣ ಮೀನುಗಳೋ ಮೂರು ಇಂಚಿನ ಮೂರು ನಾಲ್ಕು ಗೋಲ್ಡ್ ಫಿಶ್‌ಗಳೋ ಇರಬಹುದು. ಈ ಮಿತಿಯೊಳಗಿರುವ ತೊಟ್ಟಿಯಲ್ಲಿ ಕರೆಂಟ್ ಕೆಲವು ಗಂಟೆ ಹೋದರೂ ಗಾಬರಿಯಾಗಬೇಕಿಲ್ಲ. ಮಿತಿ ಮೀರಿ ಮೀನು ತುಂಬಿದ ತೊಟ್ಟಿ ಪಂಪಿನ ಆಸರೆಯಲ್ಲೇ ಬದುಕಿರುತ್ತದೆ. ಪಂಪ್ ನಿಂತರೆ ಒಂದೆರಡು ಗಂಟೆಯಲ್ಲಿ ಅಪಾಯ ಕಾಣಿಸಿಕೊಳ್ಳಬಹುದು. ದುಬಾರಿ ಬ್ಯಾಟರಿ ಪಂಪ್ ಕೊಳ್ಳುವುದಕ್ಕಿಂತ ಮೊದಲು ಮೀನಿನ ಸಂಖ್ಯೆ ತಗ್ಗಿಸುವುದೇ ಸರಿಯಾದ ಸಿದ್ಧತೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಗುಂಡನೆಯ ಗಾಜಿನ ಬಟ್ಟಲಿನಲ್ಲಿ ಮೀನು ಇಟ್ಟವರು ನೀರನ್ನು ಕುತ್ತಿಗೆಯವರೆಗೆ ತುಂಬದೆ, ಬಟ್ಟಲು ಅತಿ ಅಗಲವಾಗಿರುವ ಮಟ್ಟಕ್ಕೆ ನಿಲ್ಲಿಸಬೇಕು.

ಎಲ್ಲ ಮೀನುಗಳಿಗೂ ಒಂದೇ ತಾಳಿಕೆ ಇಲ್ಲ. ಫೈಟರ್, ಗೌರಾಮಿ ಮೀನುಗಳಿಗೆ ತಲೆಯಲ್ಲಿ ಗಾಳಿಯನ್ನೇ ನೇರವಾಗಿ ಉಸಿರಾಡುವ ಅಂಗವಿದೆ. ಮೇಲ್ಮೈಗೆ ದಾರಿ ತೆರೆದಿದ್ದರೆ ಅವುಗಳಿಗೆ ಪಂಪ್ ನಿಂತದ್ದು ದೊಡ್ಡ ಕಷ್ಟವಲ್ಲ. ಕೋರಿಡೋರಾಸ್ ಮೀನು ಕೂಡ ಗಾಳಿ ನುಂಗಿ ಕರುಳಿನ ಮೂಲಕ ಆಮ್ಲಜನಕ ಪಡೆಯಬಲ್ಲದು. ಗೋಲ್ಡ್ ಫಿಶ್, ಆಸ್ಕರ್, ಫ್ಲವರ್‌ಹಾರ್ನ್‌ಗಳಂತಹ ದೊಡ್ಡ ಮೈಯ, ಹೆಚ್ಚು ತಿನ್ನುವ ಮೀನುಗಳು ಮೊದಲು ತೊಂದರೆಗೆ ಸಿಲುಕುತ್ತವೆ. ಒಂದೇ ತೊಟ್ಟಿಯಲ್ಲಿಯೂ ಸಾಮಾನ್ಯವಾಗಿ ದೊಡ್ಡ ಮೀನು ಮೊದಲು ಬಳಲುತ್ತದೆ, ಸಣ್ಣದು ಆಮೇಲೆ.

ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಬೇಕಾದವು

ಕಡಿಮೆ ಖರ್ಚಿನಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಯುಎಸ್‌ಬಿ ತಂತಿಯಿಂದ ಓಡುವ ಸಣ್ಣ ಏರ್ ಪಂಪ್ ಮತ್ತು ಮನೆಯಲ್ಲಿ ಈಗಾಗಲೇ ಇರುವ ಪವರ್ ಬ್ಯಾಂಕ್. 10,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ಸುಮಾರು 37 ವಾಟ್-ಗಂಟೆ ಶಕ್ತಿಯಿರುತ್ತದೆ. ಒಳಗಿನ ನಷ್ಟವನ್ನು ಕಳೆದು 25 ವಾಟ್-ಗಂಟೆ ಸಿಗುತ್ತದೆಂದು ಹಿಡಿದರೂ 1.5 ವಾಟ್‌ನ ಪಂಪ್ ಹದಿನಾರು ಗಂಟೆ ಓಡಬೇಕು. ಆದರೆ ಕೆಲವು ಪವರ್ ಬ್ಯಾಂಕುಗಳು ಎಳೆತ ತೀರ ಕಡಿಮೆಯಿದ್ದಾಗ ಮೊಬೈಲ್ ತುಂಬಿತೆಂದು ಭಾವಿಸಿ ತಾವಾಗಿಯೇ ನಿಂತುಬಿಡುತ್ತವೆ. ಆದ್ದರಿಂದ ಪಂಪನ್ನು ಜೋಡಿಸಿ ಎರಡು ಮೂರು ಗಂಟೆ ಓಡಿಸಿ ನೋಡಿದ ಮೇಲೆಯೇ ಅದನ್ನು ನಂಬಬೇಕು. ಟಾರ್ಚ್ ಸೆಲ್ ಹಾಕುವ ಪಂಪುಗಳೂ ಒಳ್ಳೆಯವೇ. ಸೆಲ್‌ಗಳನ್ನು ಒಳಗೇ ಬಿಟ್ಟರೆ ಸೋರಿ ಪಂಪ್ ಹಾಳಾಗುವುದರಿಂದ ಅವನ್ನು ಹೊರಗೆ ತೆಗೆದು ಪಕ್ಕದಲ್ಲಿ ಇಟ್ಟಿರಬೇಕು. ಕರೆಂಟ್ ಇದ್ದಾಗ ಚಾರ್ಜ್ ಆಗುತ್ತ, ಹೋದ ಕ್ಷಣ ತಾನಾಗಿ ಬ್ಯಾಟರಿಗೆ ಬದಲಾಗುವ ಪಂಪುಗಳೂ ಅಂಗಡಿಗಳಲ್ಲಿ ಸಿಗುತ್ತವೆ. ಹಗಲೆಲ್ಲ ಮನೆಗೆ ಬೀಗ ಹಾಕಿ ಕೆಲಸಕ್ಕೆ ಹೋಗುವವರಿಗೆ ನಾನು ಹೇಳುವುದು ಇದನ್ನೇ, ಏಕೆಂದರೆ ಸ್ವಿಚ್ ಒತ್ತಲು ಮನೆಯಲ್ಲಿ ಯಾರೂ ಇಲ್ಲದಾಗ ಉಳಿದ ಯಾವ ಸಲಕರಣೆಯೂ ಪ್ರಯೋಜನಕ್ಕೆ ಬಾರದು.

ಮನೆಗೆ ಯುಪಿಎಸ್ ಇರುವವರು ಅದಕ್ಕೆ ಯಾವುದನ್ನು ಜೋಡಿಸಬೇಕು, ಯಾವುದನ್ನು ಜೋಡಿಸಬಾರದು ಎಂಬುದನ್ನು ಲೆಕ್ಕ ಹಾಕಿ ನಿರ್ಧರಿಸಬೇಕು. 12 ವೋಲ್ಟ್, 150 ಎಎಚ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವಾಟ್-ಗಂಟೆ ಇದ್ದರೂ, ಬ್ಯಾಟರಿಯ ಆರೋಗ್ಯ ಮತ್ತು ಪರಿವರ್ತನೆಯ ನಷ್ಟ ಎರಡನ್ನೂ ಗಮನಿಸಿದರೆ ಅರ್ಧದಷ್ಟು, ಅಂದರೆ 900 ವಾಟ್-ಗಂಟೆಯನ್ನು ಮಾತ್ರ ನೆಚ್ಚಿಕೊಳ್ಳುವುದು ಕ್ಷೇಮ. ಎರಡು ಹಳೆಯ ಫ್ಯಾನು ಮತ್ತು ಮೂರು ದೀಪಗಳಿಗೆ 180 ವಾಟ್ ಹೋದರೆ ಅದು ಐದು ಗಂಟೆಗೆ ಸಾಕು. ಇದಕ್ಕೆ 5 ವಾಟ್‌ನ ಏರ್ ಪಂಪ್ ಸೇರಿಸಿದರೆ ಹೆಚ್ಚೇನೂ ವ್ಯತ್ಯಾಸವಾಗುವುದಿಲ್ಲ. 100 ವಾಟ್‌ನ ಹೀಟರ್ ಸೇರಿಸಿದರೆ ಮಾತ್ರ ಮೂರು ಗಂಟೆಯ ಆಸುಪಾಸಿನಲ್ಲೇ ಇಡೀ ಮನೆ ಕತ್ತಲಾಗುತ್ತದೆ, ಆಗ ಏರ್ ಪಂಪೂ ನಿಲ್ಲುತ್ತದೆ. ಆದ್ದರಿಂದ ಯುಪಿಎಸ್ ಸಾಲಿಗೆ ಏರ್ ಪಂಪನ್ನು, ಶಕ್ತಿ ಉಳಿದರೆ ಫಿಲ್ಟರನ್ನು ಜೋಡಿಸಿ, ಹೀಟರ್ ಮತ್ತು ದೀಪವನ್ನು ಬೇರೆ ಪ್ಲಗ್ಗಿನಲ್ಲೇ ಬಿಡಬೇಕು. ಕರೆಂಟನ್ನು ಚೌಕಾಕಾರದ ಅಲೆಯಾಗಿ ಕೊಡುವ ಸ್ಕ್ವೇರ್ ವೇವ್ ಯುಪಿಎಸ್‌ನಲ್ಲಿ ಮೋಟರುಗಳು ಹೆಚ್ಚು ಸದ್ದು ಮಾಡುತ್ತ ಬಿಸಿಯಾಗುತ್ತವೆ. ಹೊಸದಾಗಿ ಕೊಳ್ಳುವವರು ಲೈನ್ ಕರೆಂಟಿನಂತೆಯೇ ನಯವಾದ ಅಲೆ ಕೊಡುವ ಸೈನ್ ವೇವ್ ಯುಪಿಎಸ್ ಆರಿಸಿಕೊಳ್ಳುವುದು ಮೇಲು.

ಏರ್ ಪಂಪ್ ತೊಟ್ಟಿಯ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ಅದು ನಿಂತ ಕೂಡಲೇ ನೀರು ಪೈಪಿನ ಮೂಲಕ ಹಿಂದಕ್ಕೆ ಹರಿದು ಪಂಪಿಗೂ ಅಲ್ಲಿಂದ ನೆಲಕ್ಕೂ ಇಳಿಯಬಹುದು. ಇದನ್ನು ತಡೆಯುವುದು ಕೆಲವೇ ರೂಪಾಯಿಗೆ ಸಿಗುವ ನಾನ್ ರಿಟರ್ನ್ ವಾಲ್ವ್. ಗಾಳಿ ತೊಟ್ಟಿಯ ಕಡೆಗೆ ಮಾತ್ರ ಹೋಗುವಂತೆ ಅದನ್ನು ಪೈಪಿನ ನಡುವೆ ಸೇರಿಸಬೇಕು. ಕೆಳಗೆ ಸಂಪ್ ಎಂಬ ಇನ್ನೊಂದು ತೊಟ್ಟಿ ಇಟ್ಟು ಅದರಲ್ಲಿ ಫಿಲ್ಟರ್ ಮಾಡುವ ದೊಡ್ಡ ತೊಟ್ಟಿಗಳಲ್ಲಿಯೂ ಇದೇ ರೀತಿಯ ಅಪಾಯವಿದೆ. ಮೋಟರ್ ನಿಂತಾಗ ಮೇಲಿಂದ ಇಳಿಯುವ ನೀರನ್ನು ಹಿಡಿಯುವಷ್ಟು ಜಾಗ ಸಂಪಿನಲ್ಲಿ ಇರಬೇಕು. ಒಂದು ಭಾನುವಾರ ಹಗಲಿನಲ್ಲಿ ತೊಟ್ಟಿಯ ಎಲ್ಲ ಪ್ಲಗ್ಗುಗಳನ್ನೂ ಬೇಕೆಂದೇ ಅರ್ಧ ಗಂಟೆ ಆರಿಸಿ, ನೀರು ಎಲ್ಲಿಗೆ ಹರಿಯುತ್ತದೆ, ಮತ್ತೆ ಹಾಕಿದಾಗ ಫಿಲ್ಟರ್ ತಾನಾಗಿ ನೀರೆಳೆಯುತ್ತದೆಯೇ ಎಂಬುದನ್ನು ಕಣ್ಣಾರೆ ನೋಡಿಕೊಳ್ಳಬೇಕು.

ನೀರಿನ ದಾಸ್ತಾನನ್ನು ನಮ್ಮ ಭಾಗದವರು ವಿಶೇಷವಾಗಿ ಗಮನಿಸಬೇಕು. ಕರೆಂಟ್ ಇಲ್ಲದಾಗ ಬೋರ್‌ವೆಲ್ ಮೋಟರೂ ಓಡುವುದಿಲ್ಲ, ಮನೆಯ ನೆಲದಡಿಯ ಸಂಪಿನಿಂದ ಮೇಲಿನ ಟ್ಯಾಂಕಿಗೂ ನೀರು ಏರುವುದಿಲ್ಲ. ಅಷ್ಟೇ ಅಲ್ಲ, ಆಳದ ಬೋರ್‌ವೆಲ್‌ನಿಂದ ಆಗಷ್ಟೇ ಬಂದ ನೀರಿನಲ್ಲಿ ಆಮ್ಲಜನಕ ಸಾಮಾನ್ಯವಾಗಿ ಬಹಳ ಕಡಿಮೆಯಿದ್ದು ಇಂಗಾಲದ ಡೈಆಕ್ಸೈಡ್ ಹೆಚ್ಚಿರುತ್ತದೆ. ಉಸಿರುಗಟ್ಟಿದ ಮೀನಿಗೆ ಹೊಸ ನೀರೆಂದು ಅದನ್ನೇ ಸುರಿದರೆ ಕೇಡೇ ಆಗುತ್ತದೆ. ತುಮಕೂರು ನಗರಕ್ಕೆ ಬುಗುಡನಹಳ್ಳಿ ಕೆರೆಯ ಮೂಲಕ ಬರುವ ಹೇಮಾವತಿ ನೀರಿನಲ್ಲಾಗಲಿ, ಚಿಕ್ಕಬಳ್ಳಾಪುರಕ್ಕೆ ಜಕ್ಕಲಮಡುಗು ಜಲಾಶಯದಿಂದ ಬರುವ ನಲ್ಲಿ ನೀರಿನಲ್ಲಾಗಲಿ ಶುದ್ಧೀಕರಣದ ಕ್ಲೋರಿನ್ ಇರಬಹುದು. ಎರಡಕ್ಕೂ ಮದ್ದು ಒಂದೇ. ತೊಟ್ಟಿಯ ನಾಲ್ಕನೆಯ ಒಂದು ಭಾಗದಷ್ಟು ನೀರನ್ನು ಬಾಯಿ ಅಗಲವಾದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಸದಾ ತುಂಬಿಟ್ಟು, ಸೊಳ್ಳೆ ಮೊಟ್ಟೆಯಿಡದಂತೆ ಸಣ್ಣ ಕಣ್ಣಿನ ಬಲೆ ಕಟ್ಟಿ, ಒಂದು ದಿನವಾದರೂ ಗಾಳಿಗೆ ಬಿಟ್ಟಿರಬೇಕು. ತುರ್ತಿಗೆ ನಲ್ಲಿ ನೀರನ್ನೇ ಬಳಸಬೇಕಾದರೆ ಅಂಗಡಿಯಲ್ಲಿ ಸಿಗುವ ಆ್ಯಂಟಿ ಕ್ಲೋರಿನ್ ಹನಿಗಳನ್ನು ಬಾಟಲಿಯ ಮೇಲಿನ ಅಳತೆಯಂತೆ ಹಾಕಬೇಕು. ಬೇಸಿಗೆಯ ಮಧ್ಯಾಹ್ನ ಮಾಳಿಗೆಯ ಮೇಲಿನ ಕಪ್ಪು ಟ್ಯಾಂಕಿನ ನೀರು ಕೈಗೆ ಸುಡುವಷ್ಟು ಕಾಯ್ದಿರುತ್ತದೆಂಬುದನ್ನೂ ಮರೆಯಬಾರದು.

ಮನೆಯಲ್ಲಿ ಅಜ್ಜಿಯೋ ಅತ್ತೆಯೋ ಒಬ್ಬರೇ ಇರುವ ಹೊತ್ತಿನಲ್ಲಿ ಕರೆಂಟ್ ಹೋಗುವುದು ಸಾಮಾನ್ಯ. ಬ್ಯಾಟರಿ ಪಂಪ್ ಎಲ್ಲಿದೆ, ಯಾವ ಪ್ಲಗ್ ತೆಗೆಯಬೇಕು, ಮೀನಿಗೆ ಏನನ್ನೂ ಹಾಕಬಾರದು ಎಂಬ ಮೂರು ಮಾತನ್ನು ದಪ್ಪ ಅಕ್ಷರದಲ್ಲಿ ಬರೆದು ತೊಟ್ಟಿಯ ಪಕ್ಕ ಅಂಟಿಸಿ, ಒಮ್ಮೆ ಅವರ ಕೈಯಿಂದಲೇ ಪಂಪನ್ನು ಜೋಡಿಸಿಸಿ ತೋರಿಸಿಕೊಡಬೇಕು.

ಕರೆಂಟ್ ಹೋದ ಮೇಲೆ

ಮೊದಲು ಹೀಟರ್ ಮತ್ತು ಫಿಲ್ಟರಿನ ಪ್ಲಗ್ಗುಗಳನ್ನು ತೆಗೆಯಿರಿ. ನಂತರ ಯಾವಾಗಲೋ ನೀರು ತೆಗೆದು ಮಟ್ಟ ಇಳಿದಾಗ ಕರೆಂಟ್ ಬಂದರೆ, ನೀರಿನಿಂದ ಹೊರಗೆ ಉಳಿದ ಹೀಟರಿನ ಗಾಜು ಕಾಯ್ದು ಒಡೆಯುತ್ತದೆ. ಆಮೇಲೆ ತೊಟ್ಟಿಯ ಮುಚ್ಚಳ ತೆರೆಯಿರಿ. ಗಾಳಿಯಾಡದ ಮುಚ್ಚಳದಡಿ ಮೇಲ್ಮೈಗೆ ಹೊಸ ಗಾಳಿ ಸಿಗುವುದಿಲ್ಲ. ಅರೋವಾನದಂತಹ ಹಾರುವ ಮೀನುಗಳಿದ್ದರೆ ಹಳೆಯ ಸೊಳ್ಳೆ ಪರದೆಯ ತುಂಡನ್ನು ಮೇಲೆ ಬಿಗಿದು ಕಟ್ಟಬೇಕು. ವಿಚಾರಿಸಬೇಕೆಂದರೆ ಈ ಮೂರೂ ಜಿಲ್ಲೆಗಳಿಗೆ ವಿದ್ಯುತ್ ಪೂರೈಸುವ ಬೆಸ್ಕಾಂನ ಸಹಾಯವಾಣಿ 1912ಕ್ಕೆ ಕರೆ ಮಾಡಿ, ಎಷ್ಟು ಹೊತ್ತಾಗಬಹುದೆಂದು ಕೇಳಿಕೊಂಡರೆ ಮುಂದಿನ ಕೆಲಸವನ್ನು ಅದಕ್ಕೆ ತಕ್ಕಂತೆ ಯೋಜಿಸಬಹುದು.

ಆಹಾರ ಹಾಕಲೇಬಾರದು. ತಿಂದ ಮೀನು ಜೀರ್ಣಿಸಿಕೊಳ್ಳಲು ಕೆಲವು ಗಂಟೆಗಳ ಕಾಲ ಹೆಚ್ಚು ಆಮ್ಲಜನಕ ಬಳಸುತ್ತದೆ, ಉಳಿದ ಕಾಳು ಕೊಳೆತು ನೀರನ್ನೂ ಕೆಡಿಸುತ್ತದೆ. ಆರೋಗ್ಯವಾಗಿರುವ ದೊಡ್ಡ ಮೀನುಗಳು ಹಲವು ದಿನ ಉಪವಾಸವಿದ್ದರೂ ಸಾಯುವುದಿಲ್ಲ.

ಬ್ಯಾಟರಿ ಪಂಪ್ ಇದ್ದರೆ ಏರ್ ಸ್ಟೋನನ್ನು, ಅಂದರೆ ಪೈಪಿನ ತುದಿಯಲ್ಲಿ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಒಡೆಯುವ ಕಲ್ಲನ್ನು, ತಳದ ಹತ್ತಿರಕ್ಕೆ ಇಳಿಸಿ ಓಡಿಸಿ. ತೊಟ್ಟಿಯಲ್ಲಿ ಗಾಳಿಯಿಂದ ಓಡುವ ಸ್ಪಂಜ್ ಫಿಲ್ಟರ್ ಇದ್ದರೆ ಅದೇ ಪೈಪನ್ನು ಸ್ಪಂಜಿಗೆ ಸೇರಿಸುವುದು ಇನ್ನೂ ಒಳ್ಳೆಯದು, ಒಂದೇ ಗಾಳಿಯಿಂದ ಮೀನಿಗೂ ಬ್ಯಾಕ್ಟೀರಿಯಾಗಳಿಗೂ ಉಸಿರು ಸಿಗುತ್ತದೆ. ಬ್ಯಾಟರಿ ಉಳಿಸಬೇಕಾದಾಗ ಅರ್ಧ ಗಂಟೆ ಓಡಿಸಿ ಅರ್ಧ ಗಂಟೆ ನಿಲ್ಲಿಸಬಹುದು. ಮೀನು ಕಡಿಮೆಯಿರುವ ತೊಟ್ಟಿಗೆ ಅಷ್ಟು ಸಾಕು.

ಪಂಪ್ ಇಲ್ಲದವರಿಗೆ ಚೊಂಬು ಅಥವಾ ಮಗ್ ಸಾಕು, ಆದರೆ ಅದನ್ನು ಬಳಸುವ ಕ್ರಮ ತಿಳಿದಿರಬೇಕು. ಚೊಂಬನ್ನು ತಳದವರೆಗೆ ನಿಧಾನವಾಗಿ ಇಳಿಸಿ ಕೆಳಗಿನ ನೀರನ್ನು ತುಂಬಿಕೊಂಡು, ಮೇಲ್ಮೈಯಿಂದ ಒಂದೆರಡು ಗೇಣು ಎತ್ತರಕ್ಕೆ ಎತ್ತಿ, ಸಣ್ಣ ಧಾರೆಯಾಗಿ ಮೇಲ್ಮೈಯ ಉದ್ದಕ್ಕೂ ಹರಡುವಂತೆ ಸುರಿಯಬೇಕು. ಮೇಲಿನ ನೀರನ್ನೇ ಮೊಗೆದು ಮೇಲಕ್ಕೇ ಸುರಿದರೆ ತಳದಲ್ಲಿರುವ ಮೀನಿಗೆ ಲಾಭವಾಗದು. ಧಾರೆ ನೇರವಾಗಿ ಮರಳಿಗೆ ಬಿದ್ದು ತಳದ ಕೊಳೆ ಏಳದಂತೆ ಅಂಗೈಯನ್ನೋ ಒಂದು ತಟ್ಟೆಯನ್ನೋ ಅಡ್ಡ ಹಿಡಿಯಬಹುದು. ತೊಟ್ಟಿಯಲ್ಲಿ ಮೀನು ಹೆಚ್ಚಿದ್ದರೆ ಪ್ರತಿ ಅರ್ಧ ಗಂಟೆಗೆ ಐದು ನಿಮಿಷ, ಕಡಿಮೆಯಿದ್ದರೆ ಗಂಟೆ ಒಂದೂವರೆ ಗಂಟೆಗೊಮ್ಮೆ ಹೀಗೆ ಮಾಡಿದರೆ ರಾತ್ರಿ ಕಳೆಯಬಹುದು. ಕೈ ನೋಯುವ ಕೆಲಸ ನಿಜ, ಮನೆಮಂದಿ ಸರದಿಯ ಮೇಲೆ ಮಾಡಬೇಕು. ತೊಟ್ಟಿಗಿಂತ ಎತ್ತರದಲ್ಲಿ ಸ್ಟೂಲಿನ ಮೇಲೆ ಬಕೆಟ್ ಇಟ್ಟು, ತೊಟ್ಟಿಯ ನೀರನ್ನೇ ಅದಕ್ಕೆ ತುಂಬಿ, ಏರ್ ಪಂಪಿನ ತೆಳು ಪೈಪಿನಿಂದ ಸಣ್ಣಗೆ ಮೇಲ್ಮೈಗೆ ಬೀಳುವಂತೆ ಬಿಟ್ಟರೆ ನಡುವೆ ಸ್ವಲ್ಪ ವಿಶ್ರಾಂತಿ ಸಿಗುತ್ತದೆ. ಗಾಳಿ ತುಂಬಿದ ಲಾರಿ ಟ್ಯೂಬಿನ ಬಾಯಿಗೆ ಪೈಪ್ ಕಟ್ಟಿ, ಕ್ಲಿಪ್ಪಿನಿಂದ ಬಿಗಿ ಮಾಡಿ ಏರ್ ಸ್ಟೋನಿಗೆ ಸ್ವಲ್ಪಸ್ವಲ್ಪವೇ ಗಾಳಿ ಬಿಡುವ ಹಳೆಯ ಉಪಾಯವೂ ಕೆಲಸ ಮಾಡುತ್ತದೆ; ಟ್ಯೂಬಿನೊಳಗಿನ ಪುಡಿ ನೀರಿಗೆ ಸೇರದಂತೆ ಮೊದಲ ಗಾಳಿಯನ್ನು ಹೊರಗೇ ಬಿಡಬೇಕು.

ಗಿಡಗಳಿರುವ ತೊಟ್ಟಿ ಸುರಕ್ಷಿತ ಎಂಬ ಮಾತು ಹಗಲಿಗೆ ಮಾತ್ರ ಹೊಂದುತ್ತದೆ. ಬೆಳಕಿದ್ದಾಗ ಗಿಡಗಳು ಆಮ್ಲಜನಕ ಕೊಡುತ್ತವೆ. ಕತ್ತಲಾದ ಮೇಲೆ ಅವೂ ಮೀನುಗಳಂತೆಯೇ ಆಮ್ಲಜನಕವನ್ನು ಬಳಸುತ್ತವೆ. ದಟ್ಟವಾಗಿ ಗಿಡ ಬೆಳೆಸಿದ ತೊಟ್ಟಿಯಲ್ಲಿ ಬೆಳಗಿನ ಜಾವವೇ ಅತಿ ಕಷ್ಟದ ಹೊತ್ತು, ಆಗ ಒಮ್ಮೆ ಎದ್ದು ನೋಡಲೇಬೇಕು. ಸಕ್ಕರೆ ಮತ್ತು ಯೀಸ್ಟ್ ಬಾಟಲಿಯಿಂದ ಗಿಡಗಳಿಗೆ ಇಂಗಾಲದ ಡೈಆಕ್ಸೈಡ್ ಕೊಡುವವರು ಕರೆಂಟ್ ಹೋದೊಡನೆ ಆ ಪೈಪನ್ನು ತೊಟ್ಟಿಯಿಂದ ಹೊರಕ್ಕೆ ಎಳೆಯಬೇಕು, ಏಕೆಂದರೆ ಆ ಬಾಟಲಿಗೆ ಸ್ವಿಚ್ ಇಲ್ಲ.

ಸೊಳ್ಳೆ ಬತ್ತಿಯ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಕರೆಂಟ್ ಹೋದಾಗ ಪ್ಲಗ್ಗಿಗೆ ಹಾಕುವ ಸೊಳ್ಳೆ ಔಷಧ ನಿಲ್ಲುವುದರಿಂದ ಅನೇಕ ಮನೆಗಳಲ್ಲಿ ಬತ್ತಿ ಹಚ್ಚುತ್ತಾರೆ, ಇಲ್ಲವೇ ಸ್ಪ್ರೇ ಹೊಡೆಯುತ್ತಾರೆ. ಇವುಗಳಲ್ಲಿರುವ ಪೈರೆಥ್ರಾಯ್ಡ್ ಗುಂಪಿನ ರಾಸಾಯನಿಕಗಳು ನಮಗಿಂತ ಮೀನುಗಳಿಗೆ ಬಹಳ ಹೆಚ್ಚು ವಿಷಕಾರಿ. ಬ್ಯಾಟರಿ ಪಂಪ್ ಕೋಣೆಯ ಅದೇ ಗಾಳಿಯನ್ನು ಎಳೆದು ನೀರಿಗೆ ಊದುತ್ತದೆ. ತೊಟ್ಟಿಯಿರುವ ಕೋಣೆಯಲ್ಲಿ ಇವೆರಡನ್ನೂ ಬಳಸಬಾರದು. ಜನರೇಟರ್ ಇರುವವರು ಅದನ್ನು ಮನೆಯ ಹೊರಗೇ ಇಟ್ಟು ಓಡಿಸಬೇಕು; ಅದರ ಹೊಗೆ ಮನುಷ್ಯರ ಪ್ರಾಣಕ್ಕೇ ಅಪಾಯ.

ಮೀನುಗಳು ಮೇಲ್ಮೈಗೆ ಗುಂಪಾಗಿ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ, ಕಿವಿರುಗಳು ಬೇಗಬೇಗ ಬಡಿಯುತ್ತಿದ್ದರೆ, ಕೈ ಹತ್ತಿರ ತಂದರೂ ಕದಲದಿದ್ದರೆ ಕಾಯುವಂತಿಲ್ಲ. ಡ್ರಮ್ಮಿನಲ್ಲಿಟ್ಟ ನೀರಿನ ಶಾಖ ತೊಟ್ಟಿಯ ನೀರಿನ ಶಾಖಕ್ಕೆ ಹತ್ತಿರವಿದೆಯೆಂದು ಖಚಿತಪಡಿಸಿಕೊಂಡು, ತೊಟ್ಟಿಯ ಐದನೆಯ ಒಂದು ಭಾಗದಿಂದ ನಾಲ್ಕನೆಯ ಒಂದು ಭಾಗದವರೆಗಿನ ನೀರನ್ನು ತಳದಿಂದ ತೆಗೆದು, ಅಷ್ಟೇ ಹೊಸ ನೀರನ್ನು ಎತ್ತರದಿಂದ ಸುರಿಯಬೇಕು. ಅದೂ ಸಾಲದಿದ್ದರೆ ತೊಟ್ಟಿಯ ನೀರಿನೊಂದಿಗೇ ದೊಡ್ಡ ಮೀನುಗಳನ್ನು ಬಾಯಿ ಅಗಲವಾದ, ಆಳವಿಲ್ಲದ ಪ್ಲಾಸ್ಟಿಕ್ ಟಬ್ಬುಗಳಿಗೆ ಹಂಚಬೇಕು. ಒಂದೇ ತೊಟ್ಟಿಯ ಹೊರೆ ಮೂರು ಮೇಲ್ಮೈಗಳಿಗೆ ಹಂಚಿಹೋಗುತ್ತದೆ. ಸೋಪಿನ ಪುಡಿ ತಾಗಿದ ಟಬ್ ಬೇಡ. ಬಚ್ಚಲುಮನೆಯ ತಾಮ್ರದ ಹಂಡೆಯಲ್ಲಂತೂ ಮೀನು ಬಿಡಲೇಬಾರದು, ನೀರಿನಲ್ಲಿ ಕರಗುವ ತಾಮ್ರ ಮೀನಿಗೂ ಬಸವನಹುಳುವಿಗೂ ವಿಷ. ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ಸುರಿದರೆ ಆಮ್ಲಜನಕ ಬಿಡುಗಡೆಯಾಗುವುದು ನಿಜ, ಆದರೆ ಅಳತೆ ಸ್ವಲ್ಪ ತಪ್ಪಿದರೂ ಕಿವಿರು ಸುಟ್ಟು ಬ್ಯಾಕ್ಟೀರಿಯಾಗಳೂ ಸಾಯುವುದರಿಂದ, ಕತ್ತಲಲ್ಲಿ ಟಾರ್ಚ್ ಹಿಡಿದು ಅಂತಹ ಪ್ರಯೋಗ ಮಾಡಬೇಡಿರೆಂದು ಕೇಳಿಕೊಳ್ಳುತ್ತೇನೆ. ಕಡಿತ ಒಂದು ದಿನ ಮೀರುವಂತಿದ್ದು ಬೆಲೆಬಾಳುವ ಮೀನುಗಳಿದ್ದರೆ, ಆಕ್ಸಿಜನ್ ಸಿಲಿಂಡರ್ ಇರುವ ಮೀನಿನ ಅಂಗಡಿಗೆ ಒಯ್ದು, ಮೂರನೆಯ ಒಂದು ಭಾಗ ನೀರು ಮತ್ತು ಉಳಿದದ್ದು ಆಕ್ಸಿಜನ್ ತುಂಬಿದ ಚೀಲದಲ್ಲಿ ಕಟ್ಟಿಸಿಕೊಳ್ಳಬಹುದು. ದೂರದ ಊರುಗಳಿಂದ ಮೀನುಗಳು ಬರುವುದೇ ಹಾಗೆ.

ಫಿಲ್ಟರಿನ ಕಥೆ

ಮೀನಿನ ಮಲಮೂತ್ರದಿಂದ ಹುಟ್ಟುವ ಅಮೋನಿಯವನ್ನು ನೈಟ್ರೈಟಾಗಿ, ಆಮೇಲೆ ನೈಟ್ರೇಟಾಗಿ ಬದಲಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜು ಮತ್ತು ಸೆರಾಮಿಕ್ ಉಂಗುರಗಳ ಮೇಲೆ ನೆಲೆಸಿರುತ್ತವೆ. ಅವಕ್ಕೂ ಆಮ್ಲಜನಕ ಬೇಕು. ತೊಟ್ಟಿಯೊಳಗೇ ಇರುವ ಸ್ಪಂಜ್ ಫಿಲ್ಟರಿಗೆ ಸುತ್ತಲಿನ ನೀರಿನಿಂದ ಸ್ವಲ್ಪವಾದರೂ ಆಮ್ಲಜನಕ ಸಿಗುತ್ತದೆ. ಹೊರಗಿಡುವ ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರಿನಲ್ಲಿ ಮಾತ್ರ ನಿಂತ ನೀರಿನ ಆಮ್ಲಜನಕ ಬೇಗ ಮುಗಿದು, ಬ್ಯಾಕ್ಟೀರಿಯಾಗಳು ಸಾಯತೊಡಗಿ, ಒಳಗೆ ಕೊಳೆತ ಮೊಟ್ಟೆಯ ವಾಸನೆಯ ನೀರು ತಯಾರಾಗುತ್ತದೆ. ಕಡಿತ ಎರಡು ಗಂಟೆ ದಾಟುವಂತಿದ್ದರೆ ಕ್ಯಾನಿಸ್ಟರನ್ನು ಬಿಚ್ಚಿ, ಉಂಗುರ ಮತ್ತು ಸ್ಪಂಜನ್ನು ಬಲೆಯ ಚೀಲದಲ್ಲಿ ಹಾಕಿ ತೊಟ್ಟಿಯ ಮೇಲ್ಭಾಗದಲ್ಲೇ ತೂಗುಬಿಡಬೇಕು, ಇಲ್ಲವೇ ಅಗಲವಾದ ಟ್ರೇಯಲ್ಲಿ ಹರಡಿ ತೊಟ್ಟಿಯ ನೀರಿನಿಂದ ತೇವವಾಗಿಟ್ಟಿರಬೇಕು. ಒಣಗಿಸಬಾರದು, ನಲ್ಲಿ ನೀರಿನಲ್ಲಿ ತೊಳೆಯಲೂಬಾರದು.

ಬಿಸಿ ಮತ್ತು ಚಳಿ

ಬೇಸಿಗೆಯಲ್ಲಿ ತೊಟ್ಟಿ ಕಾಯದಂತೆ ಬಿಸಿಲು ಬೀಳುವ ಕಿಟಕಿಗೆ ಪರದೆ ಎಳೆದು, ಹೊರಗಾಜಿಗೆ ಒದ್ದೆ ಬಟ್ಟೆ ಸುತ್ತಿ, ತೆರೆದ ಮೇಲ್ಮೈಗೆ ಬೀಸಣಿಗೆಯಿಂದ ಗಾಳಿ ಹಾಕಬಹುದು. ನೀರು ಆವಿಯಾಗುತ್ತ ತಂಪಾಗುತ್ತದೆ. ಮಂಜುಗಡ್ಡೆಯನ್ನು ನೇರವಾಗಿ ಹಾಕದೆ, ಮುಚ್ಚಿದ ಬಾಟಲಿಯಲ್ಲಿಟ್ಟು ತೇಲಿಸಿ, ಗಂಟೆಗೆ ಒಂದು ಡಿಗ್ರಿಗಿಂತ ಹೆಚ್ಚು ಇಳಿಯದಂತೆ ನೋಡಿಕೊಳ್ಳಬೇಕು.

ಚಳಿಗಾಲದಲ್ಲಿ ಅಷ್ಟು ಆತುರ ಬೇಡ. ಡಿಸೆಂಬರ್, ಜನವರಿಯಲ್ಲಿ ಹೊರಗೆ 15 ಡಿಗ್ರಿಯ ಹತ್ತಿರಕ್ಕೆ ಇಳಿದರೂ ಮನೆಯೊಳಗಿನ ದೊಡ್ಡ ತೊಟ್ಟಿ ನಿಧಾನವಾಗಿಯೇ ತಣ್ಣಗಾಗುತ್ತದೆ, ಬಹುತೇಕ ಮೀನುಗಳು ಒಂದು ರಾತ್ರಿ 21 ಡಿಗ್ರಿಯನ್ನು ಸಹಿಸಿಕೊಳ್ಳುತ್ತವೆ. ಗೋಲ್ಡ್ ಫಿಶ್‌ಗೆ ಅದು ಹಿತವೇ. 28 ಡಿಗ್ರಿ ಬಯಸುವ ಡಿಸ್ಕಸ್ ಮೀನಿನ ತೊಟ್ಟಿಗೂ ಮೀನುಮರಿಗಳ ತೊಟ್ಟಿಗೂ ಮಾತ್ರ ಮೂರು ಬದಿಗೆ ಥರ್ಮಾಕೋಲ್ ನಿಲ್ಲಿಸಿ ಕಂಬಳಿ ಹೊದಿಸಬೇಕು, ಮೇಲ್ಭಾಗವನ್ನು ಗಾಳಿಗೆ ಬಿಡಬೇಕು. ಒಲೆಯಲ್ಲಿ ಕಾಯಿಸಿದ ನೀರನ್ನು ಬಾಟಲಿಯಲ್ಲಿ ತುಂಬಿ ಮುಚ್ಚಿ ತೇಲಿಸಬಹುದು, ತೊಟ್ಟಿಗೆ ಸುರಿಯಬಾರದು.

ಕರೆಂಟ್ ಬಂದ ಮೇಲೆ

ಬಂದ ಕ್ಷಣವೇ ಎಲ್ಲವನ್ನೂ ಹಾಕಬೇಡಿ. ಮೊದಲ ಕೆಲವು ನಿಮಿಷ ವೋಲ್ಟೇಜ್ ಏರಿಳಿಯುವುದೂ ಮತ್ತೆ ಹೋಗುವುದೂ ಉಂಟು. ಹತ್ತು ನಿಮಿಷ ಕಾಯ್ದು ಮೊದಲು ಏರ್ ಪಂಪ್, ನಂತರ ಫಿಲ್ಟರ್, ನೀರಿನ ಮಟ್ಟ ಸರಿಯಿದೆಯೆಂದು ನೋಡಿ ಹೀಟರ್, ಕೊನೆಗೆ ದೀಪ. ತೊಟ್ಟಿಯ ಅಂಚಿಗೆ ತೂಗುಹಾಕುವ ಫಿಲ್ಟರ್ ನೀರಿಲ್ಲದೆ ಒಣಗಿ ತಿರುಗಿದರೆ ಮೋಟರ್ ಸುಡುತ್ತದೆ. ಅದರ ಪೆಟ್ಟಿಗೆಗೆ ಒಂದು ಚೊಂಬು ತೊಟ್ಟಿಯ ನೀರು ಹಾಕಿ ಶುರು ಮಾಡಬೇಕು. ಬಿಚ್ಚದೆ ಗಂಟೆಗಟ್ಟಲೆ ನಿಂತಿದ್ದ ಕ್ಯಾನಿಸ್ಟರನ್ನು ಹಾಗೆಯೇ ಹಾಕಿದರೆ ಒಳಗಿನ ಕೆಟ್ಟ ನೀರೆಲ್ಲ ತೊಟ್ಟಿಗೆ ಬರುತ್ತದೆ. ಆ ನೀರನ್ನು ಚೆಲ್ಲಿ, ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿ ಅದ್ದಿ ಹಿಂಡಿ ಜೋಡಿಸಬೇಕು. ಇಡೀ ರಾತ್ರಿ ಕಷ್ಟಪಟ್ಟು ಉಳಿಸಿದ ಮೀನುಗಳು ಬೆಳಗ್ಗೆ ಫಿಲ್ಟರ್ ಹಾಕಿದ ಮೇಲೆ ಸಾಯುವುದಕ್ಕೆ ಆ ಕೆಟ್ಟ ನೀರು ಒಂದು ಮುಖ್ಯ ಕಾರಣ.

ನಮ್ಮ ಭಾಗದ ಗಡಸು ಬೋರ್‌ವೆಲ್ ನೀರಿನ ಪಿಎಚ್, ಅಂದರೆ ಆಮ್ಲ ಕ್ಷಾರಗಳ ಅಳತೆ, ಹಲವೆಡೆ 7.5ಕ್ಕಿಂತ ಮೇಲಿರುತ್ತದೆ. 25 ಡಿಗ್ರಿ ಶಾಖದಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯದಲ್ಲಿ ವಿಷಕಾರಿ ರೂಪದ ಪಾಲು ನೂರಕ್ಕೆ ಒಂದಕ್ಕಿಂತ ಕಡಿಮೆ. ಪಿಎಚ್ 8 ಆದರೆ ಅದು ಐದನ್ನು ದಾಟುತ್ತದೆ. ನಿಂತ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿ ಇಳಿದಿದ್ದ ಪಿಎಚ್, ಪಂಪ್ ಓಡಿದ ಮೇಲೆ ಮತ್ತೆ ಏರುವುದರಿಂದ, ಸಂಗ್ರಹವಾದ ಅಮೋನಿಯ ಆಗಲೇ ಹೆಚ್ಚು ಕಚ್ಚುತ್ತದೆ. ಆದ್ದರಿಂದ ಕಡಿತ ನಾಲ್ಕೈದು ಗಂಟೆ ಮೀರಿದ್ದರೆ ಅದೇ ದಿನ ನಾಲ್ಕನೆಯ ಒಂದು ಭಾಗ ನೀರು ಬದಲಿಸಿ, ಸತ್ತ ಮೀನು ಗಿಡಗಳ ಹಿಂದೆ ಸಿಕ್ಕಿಕೊಂಡಿದೆಯೇ ಎಂದು ಹುಡುಕಿ ತೆಗೆಯಬೇಕು. ಮರುದಿನ ಎಂದಿನ ಅರ್ಧದಷ್ಟು ಆಹಾರ ಸಾಕು. ಮುಂದಿನ ಒಂದು ವಾರ ಟೆಸ್ಟ್ ಕಿಟ್‌ನಿಂದ ಅಮೋನಿಯ ಮತ್ತು ನೈಟ್ರೈಟನ್ನು ದಿನ ಬಿಟ್ಟು ದಿನ ನೋಡಿ, ಯಾವುದಾದರೂ ಕಾಣಿಸಿಕೊಂಡರೆ ಮತ್ತೆ ನೀರು ಬದಲಿಸಿ, ಎರಡೂ ಸೊನ್ನೆಗೆ ಬಂದು ಎರಡು ಮೂರು ದಿನ ಹಾಗೆಯೇ ನಿಲ್ಲುವವರೆಗೆ ಹೊಸ ಮೀನು ತರಬೇಡಿ. ಖಾಲಿಯಾದ ಪವರ್ ಬ್ಯಾಂಕನ್ನು ಅಂದೇ ಚಾರ್ಜಿಗೆ ಹಾಕಿ, ಡ್ರಮ್ಮನ್ನು ತುಂಬಿಸಿಡಿ.